ಅಗಸೆಯ ಲೋಳೆ, ಅವ್ವನ ಕೈ

ನನ್ನ ಕನ್ನಡಿಯ ಮುಂದೆ ಈಗ ಹೊಸದೊಂದು ಬಾಟಲಿ ಬಂದು ಕೂತಿದೆ. ಎತ್ತರ ಒಂದು ಬೆರಳಿನಷ್ಟು. ಬೆಲೆ ಕೇಳಿದರೆ ಎಂಥ ಸಿಕ್ಕುಗೂದಲೂ ತಾನಾಗಿಯೇ ನೆಟ್ಟಗೆ ನಿಲ್ಲಬೇಕು. ನಮ್ಮ ಬೆಳಗಾವಿಯ ಅನಗೋಳದ ಓಣಿಯಲ್ಲಿ ಪಾರ್ಲರ್ ಇಟ್ಟಿರುವ ರೇಖಾ ಎಂಬ ಹುಡುಗಿ ನನ್ನ ತಲೆಯನ್ನು ನೋಡಿ ನೋಡಿ, ಕೊನೆಗೆ ಮರುಕ ಬಂದು, ಇದನ್ನು ಕೈಗಿತ್ತಳು.

"ಮೇಡಮ್ಮರ, ತಲಿ ತೊಳಕೊಂಡ ಮ್ಯಾಲೆ ಹಸಿ ಕೂದಲಿಗೆ ಹಚ್ಚೂದು, ಹಂಗ ಬಿಟ್ಟಬಿಡೂದು. ಮತ್ತ ತೊಳಿಯೂದಲ್ಲ ನೋಡ್ರಿ."

"ತೊಳಿಯೂದಿಲ್ಲಂದ್ರ ತಲಿ ಹೊಲಸಾಗಂಗಿಲ್ಲೇನವಾ?"

"ಇದು ಲೀವ್-ಇನ್ ರೀ. ಕೂದಲದಾಗ ಇರೂ ಸಲುವಾಗೇ ಮಾಡ್ಯಾರ."

ಮನೆಗೆ ತಂದಿಟ್ಟೆ. ನನ್ನ ಯಜಮಾನರಿಗೆ ಮಚ್ಛೆಯಲ್ಲಿ ಒಂದು ಸಣ್ಣ ಕಾರ್ಖಾನೆ ಇದೆ. ದಿನವೂ ಕಬ್ಬಿಣದ ಪುಡಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮನೆಗೆ ಬರುತ್ತಾರೆ. ಅದು ನಿಲ್ಲಲು ಅಲ್ಲಿ ಕೂದಲೇನೂ ಇಲ್ಲ, ಆ ಮಾತು ಬೇರೆ. ಅವರು ಒಂದು ಹನಿಯನ್ನು ಬೆರಳಿಗೆ ಹಾಕಿಕೊಂಡು ತಿಕ್ಕಿ ನೋಡಿ, "ಭಾರೀ ಜಾರತೈತಿ ಇದು. ನಮ್ಮ ಲೇಥ್ ಮಷಿನ್ನಿಗೆ ಹಾಕಿ ನೋಡೂಣೇನು?" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸುವ ತಪ್ಪನ್ನು ಇಷ್ಟು ವರ್ಷ ಸಂಸಾರ ಮಾಡಿದವಳು ಮತ್ತೆ ಮಾಡುವುದಿಲ್ಲ. ಬಾಟಲಿ ಕಸಿದುಕೊಂಡು ಚಾಳೀಸು ಏರಿಸಿ ಅದರ ಬೆನ್ನ ಮೇಲಿದ್ದದ್ದನ್ನು ಓದತೊಡಗಿದೆ. ಏನು ಕೈಗೆ ಸಿಕ್ಕರೂ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ರೈಲಿನ ಡಬ್ಬಿಗಳ ಹಾಗೆ ಒಂದಕ್ಕೊಂದು ಜೋಡಿಸಿದ ಉದ್ದುದ್ದ ಹೆಸರುಗಳ ನಡುವೆ, ಹಳೆಯ ಪರಿಚಯದ ಒಂದು ಹೆಸರು ಮುದುಡಿ ಕೂತಿತ್ತು. ಅಗಸೆ ಬೀಜದ ಸತ್ವ.

ಅಯ್ಯ ನಿನ್ನ, ನೀ ಇಲ್ಲಿಗೂ ಬಂದಿಯಾ, ಅಂದೆ. ಖಾನಾಪುರದ ನಮ್ಮ ಮನೆಯಲ್ಲಿ ಅವ್ವನ ಒಲೆಯ ಮೇಲೆ ಕೊತಕೊತ ಕುದಿಯುತ್ತಿದ್ದ ಅಗಸೆ, ಇಂಗ್ಲಿಷ್ ಕಲಿತು, ಬಾಟಲಿ ಹೊಕ್ಕು, ಸದಾಶಿವನಗರದ ನನ್ನ ಮನೆಗೆ ದುಬಾರಿ ಅತಿಥಿಯಾಗಿ ಬಂದಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅದೇ ಗಿಡ ಪೇಟೆಗೆ ಹೋಗಿ ಬಂದರೆ ಮದ್ದಾಗುತ್ತದೆ. ನಗಬೇಕೆಂದುಕೊಂಡೆ. ಆದರೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಹೇಳಬೇಕಾದರೆ ಸ್ವಲ್ಪ ಹೇನಿನ ಮಾತು ಆಡಬೇಕಾಗುತ್ತದೆ. ಊಟಕ್ಕೆ ಕೂತಿದ್ದರೆ ಮುಗಿಸಿ ಬನ್ನಿ.

ನಾವು ಜೈನರು. ಲೋಕವೆಲ್ಲ ಕೂದಲಿಗೆ ಹಚ್ಚುವ ಸಾಮಾನುಗಳಲ್ಲಿ ಅರ್ಧ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಮೊಟ್ಟೆಯ ಮಾತು ಬಿಡಿ, ಜೇನುತುಪ್ಪವೂ ಇಲ್ಲ, ಉಳ್ಳಾಗಡ್ಡಿಯ ರಸವೂ ಇಲ್ಲ. ಅದಕ್ಕಿಂತ ದೊಡ್ಡ ಪೇಚು ಹೇನಿನದು. ಬೇರೆ ಮನೆಗಳಲ್ಲಿ ತಾಯಂದಿರು ಹೆಬ್ಬೆರಳ ಉಗುರಿನ ಮೇಲಿಟ್ಟು ಚಟ್ಟನೆ ಕುಕ್ಕಿ ಕೆಲಸ ಮುಗಿಸುತ್ತಿದ್ದರು. ನಮ್ಮಲ್ಲಿ ಕೊಲ್ಲುವಂತಿಲ್ಲ. ಅವ್ವ ನಮ್ಮ ತಲೆಯನ್ನು ಬಿಳಿ ಅರಿವೆಯ ಮೇಲೆ ಬಗ್ಗಿಸಿ, ಬಾಚಿ ಉದುರಿಸಿ, ಆ ಅರಿವೆಯನ್ನು ಹಾಗೇ ಮಡಿಚಿ ಒಯ್ದು ಹಿತ್ತಲ ನೆರಳಿನಲ್ಲಿ ಜೋಪಾನವಾಗಿ ಝಾಡಿಸಿ ಬರುತ್ತಿದ್ದಳು. ಬಾಜು ಮನೆಯ ಮರಾಠಿ ಹೆಂಗಸು ಶಾಂತಾಕಾಕು ಗೋಡೆಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದಳು.

"ಅಗಬಾಯಿ ವೈನಿ! ನಿಮ್ಮ ಪಾವಣ್ಯಾರನ್ನ ನೀವು ಅಲ್ಲಿ ಬಿಡ್ತೀರಿ, ಅವರು ಗ್ವಾಡಿ ಹಾರಿ ನಮ್ಮ ಪೋರಿ ತಲಿಯಾಗ ಮುಕ್ಕಾಂ ಮಾಡ್ತಾರ" ಎಂದು ಹೇನುಗಳನ್ನು ನಮ್ಮ ಅತಿಥಿಗಳನ್ನಾಗಿ ಮಾಡಿ ನಗುತ್ತಿದ್ದಳು.

ಅವ್ವ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. "ಕೊಲ್ಲಾಕೂ ಬರಂಗಿಲ್ಲ, ಸಾಕಾಕೂ ಬರಂಗಿಲ್ಲ. ಕೂದಲ ನುಣ್ಣಗಿದ್ರ ಅವಕ್ಕ ಕಾಲು ಊರಾಕ ಆಗಂಗಿಲ್ಲ, ತಾವ ಜಾರಿ ಹೋಗ್ತಾವ" ಎಂಬುದು ಅವಳ ಸಿದ್ಧಾಂತ. ಹೇನುಗಳು ಈ ಸಿದ್ಧಾಂತವನ್ನು ಎಷ್ಟರ ಮಟ್ಟಿಗೆ ಒಪ್ಪಿದ್ದವೋ ತಿಳಿಯದು. ಅಂತೂ ನಮ್ಮ ಮನೆಯಲ್ಲಿ ಕೂದಲು ನುಣುಪಾಗಿರಬೇಕಾದದ್ದು ಅಂದಕ್ಕಲ್ಲ, ಅಹಿಂಸೆಗೆ.

ಭಾನುವಾರ ಬೆಳಿಗ್ಗೆ ಹಿಡಿ ಅಗಸೆಯನ್ನು ಸೋಸಿದ ನೀರಿನಲ್ಲಿ ಹಾಕಿ ಅವ್ವ ಒಲೆಗೆ ಇಡುತ್ತಿದ್ದಳು. ಕುದಿಯುತ್ತ ಕುದಿಯುತ್ತ ನೀರು ಗಟ್ಟಿಯಾಗಿ, ಸೌಟು ಎತ್ತಿದರೆ ದಾರದ ಹಾಗೆ ಇಳಿಯುವ ಲೋಳೆಯಾಗುತ್ತಿತ್ತು. ಅದನ್ನು ಬಿಸಿ ಇರುವಾಗಲೇ ಅರಿವೆಯಲ್ಲಿ ಹಾಕಿ ಹಿಂಡಬೇಕು. ಆರಿದರೆ ಮುಗಿಯಿತು, ಅರಿವೆಯೂ ಬಿಡುವುದಿಲ್ಲ, ಅಗಸೆಯೂ ಬಿಡುವುದಿಲ್ಲ. ಅವ್ವನ ಅಂಗೈ ಕೆಂಪಾಗುತ್ತಿತ್ತು. ಆ ಕೆಂಪು ಕೈಗಳಲ್ಲಿ ಲೋಳೆ ತೆಗೆದುಕೊಂಡು, ಎರಡೂ ಅಂಗೈ ತಿಕ್ಕಿ, ತಲೆ ತೊಳೆದು ಕೂತ ಮಗಳ ಹಸಿ ಕೂದಲಿನ ತುದಿಯಿಂದ ಮೇಲಕ್ಕೆ ಸವರುತ್ತ ಬರುತ್ತಿದ್ದಳು. ಮತ್ತೆ ತೊಳೆಯುವಂತಿಲ್ಲ. ರೇಖಾ ಈಗ ಹೇಳಿದ್ದನ್ನು ಅವ್ವ ಆಗಲೇ ಹೇಳುತ್ತಿದ್ದಳು. "ಹಚ್ಚೂದು, ಬಿಡೂದು. ಮತ್ತ ಕೈ ಹಾಕಬ್ಯಾಡ್ರಿ."

ಮಗಳು ಎಂದೆನಲ್ಲ, ಅದು ಮೊದಲು ನನ್ನ ಅಕ್ಕ ವಿಜಯಾ. ಬಿಸಿ ಲೋಳೆ ಯಾವಾಗಲೂ ಅವಳಿಗೆ. ಅವಳ ಕೂದಲು ಸೊಂಟ ದಾಟಿ ಇಳಿದಿತ್ತು, ಕಪ್ಪಗೆ, ನೆಟ್ಟಗೆ. ನನ್ನದು ಕತ್ತಾಳಿ ನಾರು. ಖಾನಾಪುರದಿಂದ ಬೆಳಗಾವಿಗೆ ಕಾಲೇಜಿಗೆ ಹೋಗುವಾಗ ಬಸ್ಸು ಹತ್ತಿದಾಗ ಒಂದು ಅಳತೆ ಇರುತ್ತಿದ್ದ ನನ್ನ ತಲೆ, ಇಳಿಯುವಾಗ ದುಪ್ಪಟ್ಟಾಗಿರುತ್ತಿತ್ತು. ಹಿಂದಿನ ಸೀಟಿನವರಿಗೆ ದಾರಿ ಕಾಣುತ್ತಿರಲಿಲ್ಲ.

"ಅವ್ವಾ, ಒಂದ ಸಲ ನನಗ ಮೊದಲ ಹಚ್ಚಬೇ" ಎಂದು ನಾನು ಗೋಗರೆಯುತ್ತಿದ್ದೆ.

"ನಿನ್ನ ತಲಿ ಎಷ್ಟ ಹಾಕಿದ್ರೂ ಕುಡೀತೈತಿ ಸುನಿ. ಮೊದಲ ನಿನಗ ಹಚ್ಚಿದ್ರ ಆಕಿಗೆ ಏನ ಉಳೀತೈತಿ?"

ಹಾಗಾಗಿ ನನ್ನ ಪಾಲಿಗೆ ಬರುತ್ತಿದ್ದುದು ಪಾತ್ರೆಯ ತಳದ್ದು, ಆರಿ ಗಂಟುಗಟ್ಟಿದ್ದು. ಕೊನೆಯಲ್ಲಿ ಅವ್ವ ತನ್ನ ಎರಡೂ ಕೈಗಳಿಗೆ ಅಂಟಿದ್ದನ್ನು ನನ್ನ ತಲೆಗೆ ಒರೆಸಿ ಏಳುತ್ತಿದ್ದಳು. ನಾನು ಮುಖ ಊದಿಸಿಕೊಂಡು ಕೂತಿರುತ್ತಿದ್ದೆನಾದರೂ, ಆ ಒರೆಸುವಿಕೆಗಾಗಿ ವಾರವೆಲ್ಲ ಕಾಯುತ್ತಿದ್ದೆ. ಲೋಳೆ ಆರಿದ್ದರೂ ಕೈ ಬೆಚ್ಚಗೇ ಇರುತ್ತಿತ್ತು.

ಅಕ್ಕನ ಕೂದಲಿನ ನುಣುಪು ಎಂಥದ್ದೆಂದರೆ, ಅದರಲ್ಲಿ ಏನೂ ನಿಲ್ಲುತ್ತಿರಲಿಲ್ಲ. ರಿಬ್ಬನ್ ಜಾರುತ್ತಿತ್ತು, ಪಿನ್ನು ಜಾರುತ್ತಿತ್ತು, ಅಬ್ಬಲಿಗೆಯ ದಂಡೆ ಸಾಲೆ ಮುಟ್ಟುವುದರೊಳಗೆ ರಸ್ತೆಯಲ್ಲಿರುತ್ತಿತ್ತು. ನಾನು ಹಿಂದೆ ಹಿಂದೆ ಹೋಗಿ ಅದನ್ನು ಆಯ್ದುಕೊಂಡು ನನ್ನ ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದೆ. ನನ್ನ ತಲೆ ಹೊಕ್ಕದ್ದು ಬಿರುಗಾಳಿ ಬಂದರೂ ಹೊರಗೆ ಬರುತ್ತಿರಲಿಲ್ಲ. ಅಕ್ಕ ತಿರುಗಿ ನೋಡಿ ನಗುತ್ತಿದ್ದಳು. "ಇರಲಿ ಬಿಡು, ನಿನಗ ಒಪ್ಪತೈತಿ" ಅನ್ನುತ್ತಿದ್ದಳು. ಬಿಟ್ಟುಬಿಡುವುದು ಅವಳಿಗೆ ಆಗಿನಿಂದಲೇ ಸುಲಭವಿತ್ತೋ ಏನೋ, ನಮಗೆ ತಿಳಿಯಲಿಲ್ಲ.

ಅವಳ ಬಿ.ಎ. ಮುಗಿದ ವರ್ಷ ಬೆಳಗಾವಿಯಲ್ಲಿ ಮಾತಾಜಿಯವರ, ಅಂದರೆ ನಮ್ಮ ಸನ್ಯಾಸಿನಿಯರ, ಸಂಘವೊಂದು ಚಾತುರ್ಮಾಸಕ್ಕೆ ನಿಂತಿತ್ತು. ಮಳೆಗಾಲದ ತಿಂಗಳುಗಳಲ್ಲಿ ಅವರು ಊರೂರು ನಡೆಯದೆ ಒಂದೇ ಕಡೆ ಇರುತ್ತಾರೆ. ಅಕ್ಕ ಪ್ರವಚನ ಕೇಳಲು ಹೋಗತೊಡಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ತಾನೂ ದೀಕ್ಷೆ ತೆಗೆದುಕೊಳ್ಳುವುದಾಗಿ ಹೇಳಿದಳು. ಅಪ್ಪ ವಾದ ಮಾಡಿದ, ಸಿಟ್ಟಾದ, ಕೊನೆಗೆ ಸೋತ. ಅವ್ವ ಮಾತ್ರ ಒಂದೇ ಮಾತು ಕೇಳಿದಳು.

"ಹಂಗಾರ ಕೂದಲಾ?"

ದೀಕ್ಷೆ ತೆಗೆದುಕೊಳ್ಳುವವರು ಕೇಶಲೋಚ ಮಾಡಿಕೊಳ್ಳಬೇಕು. ಕತ್ತರಿ ಇಲ್ಲ, ಕ್ಷೌರದ ಕತ್ತಿ ಇಲ್ಲ; ತಲೆಯ ಕೂದಲನ್ನು ಕೈಯಿಂದಲೇ ಕಿತ್ತು ತೆಗೆಯಬೇಕು. ಅಲ್ಲಿಗೇ ಮುಗಿಯುವುದಿಲ್ಲ, ಬೆಳೆದಂತೆಲ್ಲ ಎರಡು ಮೂರು ತಿಂಗಳಿಗೊಮ್ಮೆ, ಬದುಕಿರುವವರೆಗೂ. ದೇಹದ ಮೋಹ ಬಿಡಬೇಕು ಎಂಬುದು ಒಂದು ಕಾರಣ. ಕೂದಲಿದ್ದರೆ ಹೇನಾಗುತ್ತದೆ, ಹೇನಾದರೆ ಹಿಂಸೆಯಾಗುತ್ತದೆ ಎಂಬುದು ಇನ್ನೊಂದು. ಅಂದರೆ ಅವ್ವನ ಚಿಂತೆಯೂ ಶಾಸ್ತ್ರದ ಚಿಂತೆಯೂ ಒಂದೇ ಆಗಿತ್ತು, ಉಪಾಯ ಮಾತ್ರ ಬೇರೆ.

ಅನಗೋಳದ ಹೊರಗೆ ಆಗ ಇನ್ನೂ ಖಾಲಿ ಇದ್ದ ಒಂದು ಬಯಲಿನಲ್ಲಿ ಮಂಟಪ ಹಾಕಿದ್ದರು. ದೀಕ್ಷೆಯ ಹಿಂದಿನ ದಿನಗಳಲ್ಲಿ ಅಕ್ಕನನ್ನು ಮದುಮಗಳಂತೆ ಸಿಂಗರಿಸಿ ಮೆರವಣಿಗೆ ಮಾಡಿದರು. ಬಿಡುವವರು ಎಲ್ಲವನ್ನೂ ಒಮ್ಮೆ ತೊಟ್ಟು ಬಿಡಬೇಕಂತೆ. ಸಂಘದ ಜೊತೆಗಿದ್ದ ಹಿರಿಯ ಹೆಂಗಸೊಬ್ಬಳು ಅವ್ವನನ್ನು ಕರೆದು, "ಇನ್ನ ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ ಮತ್ತ" ಎಂದು ಎಚ್ಚರಿಸಿದಳು. ಅವ್ವ ತಲೆಯಾಡಿಸಿದಳು. ಎಣ್ಣೆಯ ಬುಡ್ಡಿ ಎತ್ತಿ ಮೇಲಿಟ್ಟಳು.

ದೀಕ್ಷೆಯ ಬೆಳಿಗ್ಗೆ ಅಕ್ಕನಿಗೆ ಮಂಗಲ ಸ್ನಾನ. ನಾವು ಇಳಿದುಕೊಂಡಿದ್ದ ಮನೆಯ ಹಿಂದೆ ಅವ್ವ ಮೂರು ಕಲ್ಲು ಹೂಡಿ ಅಗಸೆ ಕುದಿಸುತ್ತ ಕೂತಿದ್ದಳು. ಖಾನಾಪುರದಿಂದ ಬರುವಾಗಲೇ ಸೀರೆಯ ಗಂಟಿನಲ್ಲಿ ಅಗಸೆ ಕಟ್ಟಿಕೊಂಡು ಬಂದಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಅಕ್ಕ ಹಸಿ ಕೂದಲು ಹರವಿಕೊಂಡು ಬಂದವಳು ಪಾತ್ರೆ ನೋಡಿ ನಿಂತಳು. "ಅವ್ವಾ, ಹಚ್ಚಬಾರದು ಅಂದಾರಲ್ಲ."

"ಎಣ್ಣಿ ಹಚ್ಚಬಾರದು ಅಂದಾರ. ಇದು ಎಣ್ಣಿ ಎಲ್ಲೈತಿ? ಅಗಸಿ ನೀರು. ಕೂದಲ ಮೆತ್ತಗಾದ್ರ ಸುರಳೀತ ಬರ್ತಾವ ವಿಜಿ, ನೋವು ಕಡಿಮಿ ಆಗತೈತಿ. ಕುಂದರು."

ಅಕ್ಕ ಒಂದು ಗಳಿಗೆ ಅವ್ವನ ಮುಖ ನೋಡಿದಳು. ಆಮೇಲೆ ಬಂದು, ಭಾನುವಾರ ಕೂರುತ್ತಿದ್ದ ಹಾಗೆಯೇ, ಅವ್ವನ ಮೊಣಕಾಲುಗಳ ನಡುವೆ ಕೂತಳು. ಅವ್ವ ಆ ದಿನ ಅರಿವೆಯಲ್ಲಿ ಒಂದು ಹನಿಯೂ ಉಳಿಯದಂತೆ ಹಿಂಡಿದಳು. ತುದಿಯಿಂದ ಬುಡದವರೆಗೆ ಒಂದೊಂದು ಎಳೆಯನ್ನೂ ಸವರಿದಳು. ನಾನು ಬದಿಗೆ ಕೂತು ನೋಡುತ್ತಿದ್ದೆ. ದುಃಖವಿತ್ತು, ಖರೇ. ಅದರ ಮೂಲೆಯಲ್ಲಿ, ಇನ್ನು ಮೇಲೆ ಭಾನುವಾರದ ಬಿಸಿ ಲೋಳೆ ನನಗೇ, ಎಂಬ ಸಣ್ಣ ಆಸೆಯೂ ಕೂತಿತ್ತು. ಹುಡುಗಿ ಬುದ್ಧಿ, ಇನ್ನೇನು.

ಮಂಟಪದಲ್ಲಿ ಜನವೋ ಜನ. ಬಿಳಿ ಸೀರೆ ಉಟ್ಟ ಅಕ್ಕ ಎತ್ತರದಲ್ಲಿ ಕೂತಳು. ಬಾಜುವಿನಲ್ಲಿ ಒಂದು ತಟ್ಟೆ ಬೂದಿ. ಬೆರಳಿಗೆ ಹಿಡಿತ ಸಿಗಲಿ ಎಂದು ಅದನ್ನು ತಲೆಗೆ ಹಚ್ಚಿಕೊಂಡು ಕೂದಲು ಕೀಳುತ್ತಾರೆ. ಅಕ್ಕ ಬೂದಿ ಹಚ್ಚಿಕೊಂಡು ಮೊದಲ ಕುಚ್ಚನ್ನು ಹಿಡಿದು ಎಳೆದಳು. ಕೂದಲು ಬರಲಿಲ್ಲ. ಬೆರಳು ಜಾರಿ ಬಂತು.

ಮತ್ತೆ ಬೂದಿ, ಮತ್ತೆ ಎಳೆತ, ಮತ್ತೆ ಜಾರಿತು. ಮಂಟಪದ ಧಗೆಗೆ ಅವಳ ತಲೆ ಬೆವೆತು, ಒಣಗಿದ್ದ ಅಗಸೆ ಮತ್ತೆ ಲೋಳೆಯಾಗಿ ಎದ್ದಿತ್ತು. ಹಾಕಿದ ಬೂದಿಯೆಲ್ಲ ಅದರಲ್ಲಿ ಕಲಸಿ ಕೆಸರಾಗುತ್ತಿತ್ತು. ಹಿರಿಯ ಮಾತಾಜಿ ಒಬ್ಬರು ಮುಂದೆ ಬಂದು ನೆರವಾದರು, ಅವರ ಬೆರಳೂ ಜಾರಿದವು. ಅವರು ಏನೂ ಕೇಳಲಿಲ್ಲ. ಕೊನೆಗೆ ಅಕ್ಕ ಕೆಲವೇ ಎಳೆಗಳನ್ನು ಬೆರಳಿಗೆ ಸುತ್ತಿಕೊಂಡು, ಜಗ್ಗಿ ಜಗ್ಗಿ, ಬಿಡಿಬಿಡಿಯಾಗಿ ಕೀಳತೊಡಗಿದಳು. ಅವಳ ಜೊತೆ ದೀಕ್ಷೆಗೆ ಕೂತಿದ್ದ ಉಳಿದವರದೆಲ್ಲ ಮುಗಿಯುವ ಹೊತ್ತಿಗೆ ಅವಳದು ಅರ್ಧವೂ ಆಗಿರಲಿಲ್ಲ. ಎಷ್ಟು ನೋಯಿತೋ ಅವಳಿಗೇ ಗೊತ್ತು, ಬಾಯಿಂದ ಒಂದು ಸೊಲ್ಲು ಬರಲಿಲ್ಲ. ಜನ ಅವಳ ತಾಳ್ಮೆಗೆ ಮೆಚ್ಚಿ ಜಯಕಾರ ಹಾಕಿದರು. ಅದು ಅಗಸೆಯ ಕೆಲಸವೆಂದು ಮನೆಯವರಲ್ಲಿ ಗೊತ್ತಿದ್ದುದು ನಮ್ಮ ಮೂವರಿಗೇ.

ನಾನು ಅವ್ವನ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಕಣ್ಣು ಮಿಟುಕಿಸದೆ ನಿಂತಿದ್ದಳು.

ಅದಾದ ಮೇಲಿನ ಮೊದಲ ಭಾನುವಾರ ನಾನು ತಲೆ ತೊಳೆದುಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಕೂತೆ. ಒಲೆಯ ಮೇಲೆ ಅಗಸೆ ಇರಲಿಲ್ಲ.

"ಅವ್ವಾ, ಅಗಸಿ ಕುದಸಂಗಿಲ್ಲೇನು?"

"ಅಂಗಡಿಯಾಗಿಂದು ಏನರ ತಂದ ಹಚ್ಚಿಕೋ ಸುನಿ. ನನ್ನ ಕೈಗುಣ ಛಲೋ ಅಲ್ಲ."

ಅಷ್ಟೇ. ಆಮೇಲೆ ನಮ್ಮ ಮನೆಯಲ್ಲಿ ಅಗಸೆ ಚಟ್ನಿಪುಡಿಗೆ ಮಾತ್ರ ಉಳಿಯಿತು. ನನ್ನ ಮದುವೆಯ ದಿನ ಜಡೆ ಹಾಕಲು ಬೆಳಗಾವಿಯಿಂದ ಪಾರ್ಲರಿನ ಹೆಂಗಸು ಬಂದಿದ್ದಳು. ಅವಳು ನನ್ನ ಕೂದಲಿನೊಂದಿಗೆ ಕುಸ್ತಿ ಆಡುವಾಗ ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ. ನಾನು ಕರೆಯಲಿಲ್ಲ. ಕರೆದರೆ ಬರುತ್ತಿದ್ದಳೋ ಏನೋ ಎಂದು ಇವತ್ತಿಗೂ ಅನಿಸುತ್ತದೆ. ಮನೆಯಿಂದ ಹೋದವಳು ಅಕ್ಕ ಒಬ್ಬಳೇ ಎಂದು ಊರವರು ತಿಳಿದರು. ಅವಳ ಜೊತೆಗೆ ಅವ್ವನ ಆ ಕೈಯೂ ಹೋಗಿತ್ತು ಎಂಬುದು ನನಗೆ ಗೊತ್ತು.

ಅವ್ವ ಅಗಸೆ ಬಿಟ್ಟಳಾದರೂ ಅರಿವೆ ಬಿಡಲಿಲ್ಲ. ಅದರಲ್ಲಿ ಬೂದಿ ಸೋಸತೊಡಗಿದಳು. ಸಗಣಿಯ ಕುಳ್ಳು ಸುಟ್ಟು, ಆರಿಸಿ, ಅದೇ ಅಗಸೆಯ ಅರಿವೆಯಲ್ಲಿ ಹಾಕಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಾಗುವವರೆಗೆ ಸೋಸುತ್ತಾಳೆ. ಸಂಘ ಎಲ್ಲಿದ್ದರೂ ಆ ಕಡೆ ಹೋಗುವವರ ಕೈಯಲ್ಲಿ ಕಟ್ಟಿ ಕಳಿಸುತ್ತಾಳೆ. ಅಕ್ಕನಿಗೆ ಈಗ ಬೇರೆ ಹೆಸರಿದೆ. ನಾವು ಅವಳಿಗೆ ಮಾತಾಜಿ ಅನ್ನಬೇಕು. ಅವ್ವನೂ ಕೈಮುಗಿದು "ವಂದಾಮಿ ಮಾತಾಜಿ" ಅನ್ನುತ್ತಾಳೆ. ತಲೆ ಸವರುವ ಮಾತಂತೂ ಇಲ್ಲವೇ ಇಲ್ಲ.

ಈ ವರ್ಷ ಸಂಘ ಮತ್ತೆ ಬೆಳಗಾವಿಗೆ ಬಂದಿದೆ. ಖಾನಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವ, ಅವನ ಮಕ್ಕಳ ಗಲಾಟೆಯನ್ನೆಲ್ಲ ಬಿಟ್ಟು, ಒಂದು ಚೀಲ ಕುಳ್ಳು ಹೊರಿಸಿಕೊಂಡು ನಮ್ಮಲ್ಲಿಗೆ ಬಂದಿಳಿದಳು. ಸದಾಶಿವನಗರದ ತಾರಸಿಯ ಮೇಲೆ ಕುಳ್ಳು ಸುಟ್ಟರೆ ಏನಾಗುತ್ತದೆ ಎಂದು ಅವಳಿಗೆ ಹೇಳುವವರು ಯಾರು? ಎದುರು ಮನೆಯವರು ಬೆಂಕಿ ಬಿತ್ತೆಂದು ಓಡಿಬಂದರು. ಯಜಮಾನರು ಅವರಿಗೆ ಚಹಾ ಕೊಟ್ಟು ಸಮಾಧಾನ ಮಾಡಿ ಕಳಿಸಿದರು.

ನಾನು ದರ್ಶನಕ್ಕೆ ಹೋಗಿದ್ದೆ. ಅಕ್ಕನ ಮುಖ ಬತ್ತಿದೆ, ಕಣ್ಣು ಮಾತ್ರ ಅಬ್ಬಲಿಗೆ ಜಾರಿಸಿ ನಗುತ್ತಿದ್ದವಳದೇ. ಎದುರಿಗೆ ಕೂತು, ಕೇಳಬಾರದೆಂದುಕೊಂಡಿದ್ದರೂ ಕೇಳಿಬಿಟ್ಟೆ. "ಮಾತಾಜಿ, ಆ ದಿನ ಭಾಳ ನೋವಾತೇನ್ರಿ?" ಅವಳು ಯಾವ ದಿನ ಎಂದು ಕೇಳಲಿಲ್ಲ. "ಜಾರ್ತದ ಅಂತ ಗೊತ್ತಿತ್ತು. ಆದ್ರೂ ಕುಂತೆ" ಎಂದಳು. ಆಮೇಲೆ, "ಬೂದಿ ಭಾಳ ನಯ ಇರತದ. ಕಳಸೋರಿಗೆ ಹೇಳ್ರಿ" ಅಂದು ಪುಸ್ತಕದ ಕಡೆ ತಿರುಗಿದಳು.

ನಿನ್ನೆ ಸಂಜೆ ಅವ್ವ ತಾರಸಿಯಲ್ಲಿ ಬೂದಿ ಸೋಸಲು ಕೂತಿದ್ದಳು. ಈಗ ಅವಳ ಕೈ ನಡುಗುತ್ತದೆ, ಅರಿವೆ ನಿಲ್ಲುವುದಿಲ್ಲ. "ಬಾ ಸುನಿ, ಒಂದ ಬಾಜು ಹಿಡಿ" ಎಂದು ಕರೆದಳು. ನಾನು ಆಗತಾನೇ ತಲೆ ತೊಳೆದು ರೇಖಾಳ ಔಷಧಿ ಹಚ್ಚಿಕೊಂಡಿದ್ದೆ. ಹೋಗಿ ಅರಿವೆಗೆ ಕೈ ಹಾಕಬೇಕು, ಅಷ್ಟರಲ್ಲಿ ಅವ್ವ ನನ್ನ ಮುಂಗೈ ಹಿಡಿದು ಮೂಗಿನ ಹತ್ತಿರ ಒಯ್ದಳು.

"ಜಿಡ್ಡ ಐತಿ. ಹೋಗಿ ತೊಳಕೊಂಡ ಬಾ."

"ಎಣ್ಣಿ ಅಲ್ಲಬೇ ಅದು."

ಅಂದ ಮೇಲೆ ನನಗೇ ತಿಳಿಯಿತು, ಯಾರ ಮಾತನ್ನು ನಾನು ಆಡಿದೆ ಎಂದು. ನಾನು ಎದ್ದು ಹೋಗಿ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದೆ.

ಇಬ್ಬರೂ ಸೋಸಿದೆವು. ನಡುವೆ ನಾನು ಅಕ್ಕ ಹೇಳಿದ್ದನ್ನು ಹೇಳಿದೆ. ಜಾರುತ್ತದೆಂದು ಗೊತ್ತಿದ್ದೂ ಕೂತಳಂತೆ ಎಂದೆ. ಅವ್ವನ ಕೈ ನಿಂತಿತು. ಬೂದಿ ನಯವಾಗಿದೆ ಎಂದು ಕಳಿಸುವವರಿಗೆ ಹೇಳಬೇಕಂತೆ, ಎಂದೆ.

"ಅವ್ವಗ ಹೇಳು ಅಂದಳೇನು?"

"ಕಳಸೋರಿಗೆ ಅಂದ್ರು."

"ಹೂಂ. ಬಿಟ್ಟವರು ಹಂಗ ಅನ್ನಬೇಕು" ಎಂದಳು ಅವ್ವ.

ಬೂದಿ ಕಟ್ಟುವ ಹೊತ್ತಿಗೆ ಗಾಳಿ ಬೀಸಿ, ಅಷ್ಟು ದುಬಾರಿ ಔಷಧಿ ಕುಡಿದೂ ಮಾತು ಕೇಳದ ನನ್ನ ಕೂದಲು ಮುಖದ ತುಂಬ ಹಾರಿತು. ಅವ್ವ ಅದನ್ನು ನೋಡಿ ನಕ್ಕಳು. "ಇನ್ನೂ ಹಂಗ ಐತಲ್ಲ ಇದು" ಎನ್ನುತ್ತ, ಹಿಂದಕ್ಕೆ ಸವರಲು ಕೈ ಚಾಚಿದಳು. ನಾನು ಅರಿಯದೆಯೇ ತಲೆ ಬಗ್ಗಿಸಿದೆ. ಕೈ ನನ್ನ ಕೂದಲಿನ ಹತ್ತಿರದವರೆಗೂ ಬಂತು, ಅಲ್ಲೇ ನಿಂತಿತು. ತನ್ನ ಅಂಗೈಗೆ ಮೆತ್ತಿದ್ದ ಬೂದಿಯನ್ನು ಅವಳು ಆಗ ನೋಡಿಕೊಂಡಳು. "ಅಯ್ಯ, ಈಗ ತಲಿ ತೊಳಕೊಂಡೀದಿ" ಎಂದು ಕೈ ಹಿಂದೆ ತೆಗೆದುಕೊಂಡು, ಗಂಟು ಕಟ್ಟತೊಡಗಿದಳು.

ನಾನು ಇನ್ನೂ ತಲೆ ಬಗ್ಗಿಸಿಯೇ ಕೂತಿದ್ದೆ. ನನಗೆ ಬೂದಿಯಾದರೂ ಆಗುತ್ತಿತ್ತು.